ರೆಕ್ಕೆ ಹೊಲಿದವಳ ತೂಕ

ಪೀಣ್ಯ ಎರಡನೇ ಹಂತ
9 ಜನವರಿ 2023

ಚನ್ನವೀರಪ್ಪ ಸಾರ್‌ಗೆ,

ನಮಸ್ಕಾರ. ನಾನು ಶಶಿಕಲಾ, ಮಾಕಳಿ ಅನುಸೂಯಮ್ಮನ ಮಗಳು. ನೀವು ಇಂಜಿನಿಯರ್ ಆಗಿದ್ದ ಫ್ಲೈಯಿಂಗ್ ಕ್ಲಬ್ಬಲ್ಲಿ ಇಪ್ಪತ್ತಾರು ವರ್ಷ ವಿಮಾನದ ರೆಕ್ಕೆಗೆ ಬಟ್ಟೆ ಹೊಲಿದ ಅನುಸೂಯಮ್ಮ. ಸ್ಕೂಲು ಬಿಟ್ಟಮೇಲೆ ವಿಮಾನ ನಿಲ್ಲಿಸೋ ಹ್ಯಾಂಗರ್ ಬಾಗಿಲಲ್ಲಿ ಕೂತಿರ್ತಿದ್ದ ನನಗೆ ನೀವೇ ಒಂದ್ಸಲ ಭಾಗಾಕಾರ ಹೇಳ್ಕೊಟ್ಟಿದ್ರಿ. ನೆನಪಿದ್ರೆ ಸರಿ, ಇಲ್ದಿದ್ರೂ ಪರವಾಗಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿಗೆ ಎರಡು ಸಲ ಬಂದೆ, ಗೇಟಲ್ಲೇ ವಾಪಸ್ ಕಳಿಸಿದ್ರು. ಫೋನ್ ಮಾಡಿದ್ರೆ ನಿಮ್ಮ ಸೊಸೆ ಕಾವ್ಯಾ ಮೇಡಂ ಎತ್ತಿ, "ಮಾವನವರಿಗೆ ಎಂಜಿನ್ ಸದ್ದಲ್ಲೇ ಕಿವಿ ಹೋಯ್ತು, ಮೊಬೈಲ್ ಮುಟ್ಟಲ್ಲ, ಕಾಗದ ಬರೆದ್ರೆ ಓದ್ತಾರೆ" ಅಂದ್ರು. ಅದಕ್ಕೇ ಈ ಕಾಗದ. ಕೈಯಲ್ಲಿ ಇಷ್ಟುದ್ದ ಬರೆದು ಯಾವ ಕಾಲ ಆಯ್ತೋ, ತಪ್ಪಿದ್ರೆ ತಿದ್ಕೊಳ್ಳಿ.

ಕ್ಲಬ್ ಮುಚ್ಚಿದಾಗ ಆ ಎರಡು ಸೀಟಿನ, ಬಟ್ಟೆ ಹೊದಿಸಿದ ರೆಕ್ಕೆಯ ಹಳೇ ವಿಮಾನವನ್ನ ಗುಜರಿಗೆ ಹಾಕಿದ್ರಲ್ಲ, 1961ರದ್ದು? ಅದನ್ನ ತಗೊಂಡಿದ್ದು ನಾನೇ. ಹದಿನಾಲ್ಕು ವರ್ಷದಿಂದ ಮಾಕಳಿ ಶೆಡ್ಡಲ್ಲಿದೆ. ನಾನು ಪೀಣ್ಯದಲ್ಲಿ ನಾಲ್ಕು ಲೇತು, ಎರಡು ಸಿ.ಎನ್.ಸಿ. ಮೆಷಿನ್ ಇಟ್ಕೊಂಡು ಬಿಡಿಭಾಗ ಮಾಡೋಳು, ಭಾನುವಾರ ಬಂದ್ರೆ ಶೆಡ್ಡಿಗೆ ಓಡೋಳು. ಈಗ ವಿಮಾನ ಸಿದ್ಧ ಇದೆ. ನನ್ನ ಹತ್ರ ಪೈಲಟ್ ಲೈಸೆನ್ಸೂ ಇದೆ, ನಲವತ್ನಾಲ್ಕನೇ ವಯಸ್ಸಲ್ಲಿ ತಗೊಂಡೆ. ನಗಬೇಡಿ.

ತಕರಾರು ತೂಕದ್ದು. ಈ ವಿಮಾನ ಎಲ್ಲಾ ಸೇರಿ 613 ಕೆ.ಜಿ. ಮೀರಬಾರದು ಅಂತ ಅದರ ಕಾಗದದಲ್ಲಿದೆ. ರೇಡಿಯೋ, ಬ್ರೇಕು, ಬ್ಯಾಟರಿ ಅಂತ ಒಂದೊಂದೇ ಸೇರ್ತಾ, ಎಂಜಿನ್ ಎಣ್ಣೆ ಸೇರಿಸಿ ಖಾಲಿ ವಿಮಾನವೇ ಈಗ 441. ನಾನು 94, ಅಮ್ಮ 71. ಉಳಿಯೋದು ಏಳು ಕೆ.ಜಿ. ಅಂದ್ರೆ ಹತ್ತು ಲೀಟರ್ ಪೆಟ್ರೋಲು, ಅದೂ ಆಪತ್ತಿಗೆ ಅಂತ ಮುಟ್ಟದೆ ಇಡಬೇಕಾದ್ದು. ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೆಲ ಬಿಡೋ ಹಾಗೇ ಇಲ್ಲ.

ರೆಕ್ಕೆಗೆ ಆಸರೆ ಕೊಡೋ ಓರೆ ಕಂಬಿಗಳನ್ನ, ಅವು ರೆಕ್ಕೆಗೆ ಸೇರೋ ಜಾಗದ ಫಿಟಿಂಗುಗಳನ್ನ ಬಲ ಮಾಡಿದ್ರೆ 650ಕ್ಕೆ ಏರಿಸಬಹುದು ಅಂತ 1990ರಲ್ಲಿ ನೀವು ಇದೇ ವಿಮಾನಕ್ಕೆ ಲೆಕ್ಕ ಹಾಕಿದ್ರಂತೆ. ಕ್ಲಬ್ಬಿನ ಶ್ಯಾಮಣ್ಣ ಮೇಸ್ತ್ರಿ ಸಾಯೋ ಮುಂಚೆ ಹೇಳಿದ್ರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಥದ್ದಕ್ಕೆ ಮಂಜೂರಾತಿ ಕೊಡೋ ವಿನ್ಯಾಸ ಕಂಪನಿಯವರು, "ಆ ಮೂಲ ಲೆಕ್ಕ ತನ್ನಿ, ಪರೀಕ್ಷೆ ಮಾಡಿ ಸಹಿ ಹಾಕ್ತೀವಿ, ಅದಿಲ್ದೆ ಆಗಲ್ಲ" ಅಂತಾರೆ. ಆ ಲೆಕ್ಕ ಬರೆದ ಪುಸ್ತಕ ನಿಮ್ಮ ಹತ್ರ ಇದೆ. ನನಗೆ ಬೇಕು.

ನಿಮ್ಮ ಉತ್ತರ ಕಾಯ್ತಿರ್ತೀನಿ,
ಶಶಿಕಲಾ


ಬೆಳ್ಳಂದೂರು
2 ಫೆಬ್ರವರಿ 2023

ಶ್ರೀಮತಿ ಶಶಿಕಲಾ ಅವರಿಗೆ ಶರಣು.

ತಮ್ಮ ಪತ್ರ ತಲುಪಿತು. ಲೆಕ್ಕದ ಪುಸ್ತಕ ನನ್ನಲ್ಲಿರುವುದು ನಿಜ. ಅದನ್ನು ಕೊಡಲಾರೆ. ಅದು ಯಾರಿಗೂ ಒಪ್ಪಿಸದೆ ಬಿಟ್ಟ ಕೆಲಸ. ಅಲ್ಲದೆ ಅರವತ್ತು ದಾಟಿದ ವಿಮಾನದ ಮೇಲೆ ಹೆಚ್ಚಿನ ಭಾರ ಹೇರುವುದು ವಿವೇಕವೆಂದು ನನಗೆ ತೋರುವುದಿಲ್ಲ.

ತಮ್ಮ ಉದ್ದೇಶಕ್ಕೆ ಸುಲಭದ ದಾರಿಗಳಿವೆ. ಹಗುರವಾದ ರೇಡಿಯೋ ಹಾಕಿಸಿ. ಬ್ಯಾಟರಿ ಬದಲಿಸಿ. ತಪ್ಪು ತಿಳಿಯುವುದಿಲ್ಲವಾದರೆ ಇನ್ನೊಂದು ಮಾತು: ತಾವು ಇಪ್ಪತ್ತು ಕೆ.ಜಿ. ಇಳಿಸಿದರೆ ಆರೋಗ್ಯಕ್ಕೂ ಒಳ್ಳೆಯದು. ವಿಮಾನವನ್ನು ಬದಲಾಯಿಸುವುದಕ್ಕಿಂತ ಮನುಷ್ಯ ಬದಲಾಗುವುದು ಸುಲಭ.

ತಾಯಿಯವರನ್ನು ಕೇಳಿದೆನೆಂದು ತಿಳಿಸಿ.

ಇಂತಿ,
ಚನ್ನವೀರಪ್ಪ


ಪೀಣ್ಯ
6 ಫೆಬ್ರವರಿ 2023

ಚನ್ನವೀರಪ್ಪ ಸಾರ್‌ಗೆ,

ತಪ್ಪು ತಿಳ್ಕೊಂಡೆ. ಚೆನ್ನಾಗೇ ತಪ್ಪು ತಿಳ್ಕೊಂಡೆ.

ನನ್ನ ತೂಕ ಇಳಿಸೋಕೆ ಹೇಳಿದೋರಲ್ಲಿ ನೀವು ಎಷ್ಟನೆಯವರು ಗೊತ್ತಾ? ಫ್ಲೈಯಿಂಗ್ ಕಲಿಸಿದ ಮೇಷ್ಟ್ರು, ವಿಮಾನಯಾನ ಇಲಾಖೆಯ ಡಾಕ್ಟ್ರು, ನನ್ನ ಲೇತ್ ಮುಂದೆ ನಿಂತು ಟೀ ಕುಡಿಯೋ ಗಿರಾಕಿಗಳು, ಎಲ್ಲಾರೂ ಹೇಳಿದ್ದಾರೆ. ಡಾಕ್ಟ್ರೇ ನೋಡಿ, ಬಿ.ಪಿ. ಇಲ್ಲ, ಶುಗರ್ ಇಲ್ಲ ಅಂತ ಬರ್ಕೊಟ್ಟಿದ್ದಾರೆ. ಈ ಮೈಯಲ್ಲೇ ನಲವತ್ತು ಕೆ.ಜಿ. ಕಬ್ಬಿಣದ ಜಾಬ್ ಎತ್ತಿ ಮೆಷಿನ್ ಮೇಲಿಡ್ತೀನಿ. ನಾನು ಇಳಿಯಲ್ಲ ಸಾರ್. ವಿಮಾನವೇ ಏರಬೇಕು.

ಇನ್ನು ಅಮ್ಮ. ನಿಮ್ಮ ಕ್ಲಬ್ಬಲ್ಲಿ ಶ್ಯಾಮಣ್ಣ ಮೇಸ್ತ್ರಿ ಒಂದು ಪದ್ಧತಿ ಇಟ್ಟಿದ್ರು. ದೊಡ್ಡ ರಿಪೇರಿ ಆಗಿ ಪೈಲಟ್ ಒಬ್ಬನೇ ಹಾರಿಸಿ ಪರೀಕ್ಷೆ ಮಾಡಿದ ಮೇಲೆ, ಎರಡನೇ ಸುತ್ತಿಗೆ ಕೆಲಸ ಮಾಡಿದೋರನ್ನ ಕೂರಿಸ್ಬೇಕು. ತಾನು ಮಾಡಿದ ಕೆಲಸದ ಮೇಲೆ ತಾನೇ ಕೂತ್ಕೊಳ್ಳೋ ಧೈರ್ಯ ಇರ್ಬೇಕು ಅಂತ. ವೆಲ್ಡಿಂಗ್ ಮಾಡಿದೋನು ಹೋದ. ಬಣ್ಣ ಹಚ್ಚಿದೋನು ಹೋದ. ಟೀ ತರ್ತಿದ್ದ ಕೃಷ್ಣನೂ ಹೋದ, ಬಣ್ಣದ ಡಬ್ಬ ಹಿಡ್ಕೊಂಡಿದ್ದ ಅಂತ. ಹೊಲಿಗೆ ಕೋಣೇಲಿದ್ದೋರು ಇಬ್ರೇ ಹೆಂಗಸ್ರು, ನಮ್ಮಮ್ಮ ಮತ್ತೆ ಸುಬ್ಬಲಕ್ಷ್ಮಮ್ಮ. ಒಂದೊಂದು ರೆಕ್ಕೆಗೆ ನೂರಾರು ಗಂಟು, ಬೆರಳೆಲ್ಲ ಸೂಜಿ ಗಾಯ. ಅವರು ಸೀರೆ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದು ನಿಂತ್ರೆ ನೀವು ಹಲಗೆ ಮೇಲಿನ ತೂಕದ ಪಟ್ಟಿ ನೋಡಿ, "ಲೋಡ್ ಫುಲ್ ಅನುಸೂಯಮ್ಮ, ಮುಂದಿನ ಸಲ" ಅಂತಿದ್ರಿ. ಇಪ್ಪತ್ತಾರು ವರ್ಷ ಮುಂದಿನ ಸಲ! ನಾನು ಕನ್ನಡ ಅಕ್ಷರ ಕಲಿಯೋ ಮುಂಚೆ ಆ ಎರಡು ಇಂಗ್ಲಿಷ್ ಪದ ಕಲಿತೆ.

ಅಮ್ಮನಿಗೆ ಎಪ್ಪತ್ಮೂರು. ಆ ಸೀಟಲ್ಲಿ ಅವಳನ್ನ ಕೂರಿಸೋದು ಬಿಟ್ಟು ನನಗೆ ಬೇರೆ ಆಸೆ ಇಲ್ಲ. ಮತ್ತೆ ಯಾರೂ ಅವಳಿಗೆ ಆ ಮಾತು ಹೇಳೋಕಾಗದ ಹಾಗೆ ಕಾನೂನು ಪ್ರಕಾರ ತೂಕ ಏರಿಸ್ತೀನಿ. ನೀವು ಪುಸ್ತಕ ಕೊಡದಿದ್ರೆ ಇನ್ನೊಬ್ಬರ ಕೈಲಿ ಮೊದಲಿಂದ ಲೆಕ್ಕ ಹಾಕಿಸ್ತೀನಿ. ನಾಲ್ಕು ವರ್ಷ ಆದ್ರೂ ಆಗ್ಲಿ. ಆದ್ರೆ ಅಷ್ಟು ದಿನ ಅಮ್ಮ ಇರ್ತಾಳಾ ಅಂತ ಮಾತ್ರ ನನಗೆ ಭಯ.

ಶಶಿಕಲಾ


ಬೆಳ್ಳಂದೂರು
18 ಏಪ್ರಿಲ್ 2023

ಶಶಿಕಲಾ ಅವರಿಗೆ ಶರಣು.

ತಮ್ಮ ಪತ್ರ ಎರಡು ತಿಂಗಳು ಮೇಜಿನ ಮೇಲಿತ್ತು. ಬೇರೆ ಕಡೆ ಎತ್ತಿಡಲು ಆಗಲಿಲ್ಲ.

ಪುಸ್ತಕದ ಅರವತ್ತೆರಡು ಪುಟಗಳ ನಕಲು ಕಳಿಸಿದ್ದೇನೆ. ಕಂಪನಿಯವರಿಗೆ ಕೊಡಿ. ಅವರ ಪ್ರಶ್ನೆಗಳನ್ನು ಬರೆದು ಕಳಿಸಿದರೆ ಬರೆದು ಉತ್ತರಿಸುತ್ತೇನೆ. ಫಿಟಿಂಗುಗಳ ನಕ್ಷೆ ಹಿಂಭಾಗದಲ್ಲಿದೆ, ನಾಲ್ಕು ಬೇಕು. ತಮ್ಮದೇ ಕಾರ್ಖಾನೆಯಲ್ಲಿ ಮಾಡುವುದಾದರೆ ಮೊದಲು ನನಗೆ ತೋರಿಸಿ.

ಈಗ ಬಟ್ಟೆ ಹೊಲಿಯುವವರು ಯಾರು? ಅನುಸೂಯಮ್ಮನವರಿಗೆ ಕಣ್ಣು ಹೇಗಿದೆ?

ಚನ್ನವೀರಪ್ಪ


ಪೀಣ್ಯ
30 ಮೇ 2023

ಚನ್ನವೀರಪ್ಪ ಸಾರ್‌ಗೆ,

ಪುಸ್ತಕ ನೋಡಿ ಕಂಪನಿಯ ಹುಡುಗಿ ಶಿವಗಂಗಾ, ಅವಳೇ ಅಲ್ಲಿ ರೆಕ್ಕೆ ಲೆಕ್ಕ ನೋಡೋಳು, "ಯಾರ್ರೀ ಇವ್ರು, ಕ್ಯಾಲ್ಕುಲೇಟರೂ ಇಲ್ದೆ ಇಷ್ಟು ನೀಟಾಗಿ ಹಾಕಿದ್ದಾರೆ" ಅಂದ್ಲು. ಕೋಪ ಇದ್ರೂ ನನಗೆ ಹೆಮ್ಮೆ ಆಯ್ತು. ಸುಳ್ಳು ಯಾಕೆ ಹೇಳ್ಲಿ?

ಅಮ್ಮನಿಗೆ ಕಣ್ಣು ಆಪರೇಷನ್ ಆಗಿದೆ, ಸೂಜಿಗೆ ತಾನೇ ದಾರ ಪೋಣಿಸ್ತಾಳೆ. ಹೊಸ ಫಿಟಿಂಗ್ ಕೂರಿಸೋಕೆ ರೆಕ್ಕೆಯ ಬಟ್ಟೆ ಬಿಚ್ಚಿದ್ದೀವಿ, ಈ ಸಲದ ಬಟ್ಟೆಯನ್ನೂ ಅವಳೇ ಹೊಲೀತಿದ್ದಾಳೆ. ನಾನು ಸಹಾಯಕ್ಕೆ ಹೋದ್ರೆ ಕೈ ಮೇಲೆ ಹೊಡೀತಾಳೆ, ಗಂಟು ಸಡಿಲ ಅಂತೆ.

ನಾಲ್ಕು ಫಿಟಿಂಗ್ ಕೊರಿಯರಲ್ಲಿ ಕಳಿಸಿದ್ದೀನಿ. ನಾನೇ ನಿಂತು ಮಾಡಿದ್ದು, ಹುಡುಗ್ರ ಕೈಗೆ ಕೊಡ್ಲಿಲ್ಲ. ನಕ್ಷೆಯಲ್ಲಿ ದಪ್ಪ ಆರು ಮಿಲಿಮೀಟರ್ ಇತ್ತು, ನಾನು ಎಂಟು ಇಟ್ಟಿದ್ದೀನಿ. ಗಟ್ಟಿ ಇರ್ಲಿ ಅಂತ. ನಮ್ಮ ಪೀಣ್ಯದಲ್ಲಿ ಬೇಕಾದ ಗಿರಾಕಿಗೆ ನಾವು ಹಂಗೇ ಮಾಡೋದು, ಕೇಳಿದ್ದಕ್ಕಿಂತ ಒಂಚೂರು ಜಾಸ್ತಿನೇ ಕೊಡ್ತೀವಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಜಾಬ್ ಒಂದೂ ಮುರಿದು ವಾಪಸ್ ಬಂದಿಲ್ಲ.

ಶಶಿಕಲಾ


ಬೆಳ್ಳಂದೂರು
7 ಜೂನ್ 2023

ಶಶಿಕಲಾ ಅವರಿಗೆ,

ನಾಲ್ಕನ್ನೂ ಗುಜರಿಗೆ ಹಾಕಿ.

ಕೆಲಸ ಅಂದವಾಗಿದೆ. ಇಷ್ಟು ನುಣುಪಾದ ಅಂಚು ನಾನು ನೋಡಿ ಬಹಳ ವರ್ಷವಾಯಿತು. ಆದರೆ ನಾನು ಕೇಳಿದ್ದು ಆರು. ತಾವು ಪ್ರೀತಿಯಿಂದ ಸೇರಿಸಿದ ಎರಡು ಮಿಲಿಮೀಟರ್‌ನಿಂದ ಅದನ್ನು ಹಿಡಿದಿಡುವ ಬೋಲ್ಟು ಉದ್ದವಾಗಬೇಕಾಗುತ್ತದೆ. ಉದ್ದವಾದ ಬೋಲ್ಟು ಭಾರ ಬಿದ್ದಾಗ ಹೆಚ್ಚು ಬಾಗುತ್ತದೆ. ಫಿಟಿಂಗ್ ಉಳಿಯುತ್ತದೆ, ಬೋಲ್ಟು ಹೋಗುತ್ತದೆ, ಅದರ ಹಿಂದೆ ರೆಕ್ಕೆಯೂ ಹೋಗುತ್ತದೆ. ಪಕ್ಕದ ಸೀಟಿನಲ್ಲಿ ಯಾರು ಕೂತಿರುತ್ತಾರೆಂದು ತಮಗೇ ಗೊತ್ತು.

ವಿಮಾನದಲ್ಲಿ ಜಾಸ್ತಿ ಎನ್ನುವುದೂ ತಪ್ಪೇ. ನಕ್ಷೆ ನಂಬಿ. ಬೈಯಬೇಕೆನಿಸಿದರೆ ಬೈದುಕೊಂಡೇ ಮಾಡಿ.

ಚನ್ನವೀರಪ್ಪ


ಪೀಣ್ಯ
21 ಆಗಸ್ಟ್ 2023

ಚನ್ನವೀರಪ್ಪ ಸಾರ್‌ಗೆ,

ಬೈಕೊಂಡೇ ಮಾಡ್ದೆ. ನಿಮ್ಮ ಕಾಗದ ಓದಿದ ದಿನ ಮೈಯೆಲ್ಲ ಉರಿದುಹೋಯ್ತು. ನನ್ನ ಕೆಲಸ ಗುಜರಿಗೆ ಹಾಕಿ ಅಂದೋರು ಹುಟ್ಟಿರ್ಲಿಲ್ಲ. ಮಾರನೇ ದಿನ ಶಿವಗಂಗಾನ ಕೇಳ್ದೆ. ಅವಳೂ ಕಂಪ್ಯೂಟರಲ್ಲಿ ಹಾಕಿ ನೋಡಿ ಅದನ್ನೇ ಹೇಳಿದ್ಲು. ತಪ್ಪು ನಂದೇ ಸಾರ್, ಒಪ್ಕೊಂಡೆ. ಹೊಸ ನಾಲ್ಕು ಕಳಿಸಿದ್ದೀನಿ. ಆರು ಅಂದ್ರೆ ಆರು. ವರ್ನಿಯರ್ ಹಾಕಿ ಅಳೆದು ನೋಡ್ಕೊಳ್ಳಿ.

ನಾನು ನನ್ನ ತಪ್ಪು ಒಪ್ಕೊಂಡಿದ್ದೀನಿ. ಈಗ ನಿಮ್ಮ ಸರದಿ.

ಕಂಪನಿಯವರು ವಿಮಾನದ ಹಳೇ ಕಾಗದ ಎಲ್ಲಾ ಕೇಳಿದ್ರು. ಗುಜರಿ ಜೊತೆ ಬಂದಿದ್ದ ಟ್ರಂಕ್ ತೆಗೆದೆ. ಅದರಲ್ಲಿ ಲೋಡ್ ಶೀಟ್‌ಗಳು ಕಂತೆ ಕಂತೆ ಇವೆ, ಪ್ರತಿ ಹಾರಾಟಕ್ಕೂ ಯಾರು ಕೂತ್ರು, ಎಷ್ಟು ತೂಕ ಅಂತ. ಅಕ್ಷರ ನಿಮ್ಮದೇ, ಪುಸ್ತಕದಲ್ಲಿರೋ ಅದೇ ದುಂಡು ಅಕ್ಷರ.

12 ಮಾರ್ಚ್ 1988. ಆ ದಿನ ನನಗೆ ನೆನಪಿದೆ, ನನಗೆ ಹನ್ನೆರಡು ವರ್ಷ. ರೆಕ್ಕೆಗೆ ಹೊಸ ಬಟ್ಟೆ ಹೊಲಿದು ಮುಗಿಸಿ ಅಮ್ಮ ತಲೆಗೆ ಕನಕಾಂಬರ ಮುಡ್ಕೊಂಡು ಬಂದಿದ್ಲು. ನೀವು ಅದೇ ಮಾತು ಹೇಳಿದ್ರಿ. ಆ ದಿನದ ಹಾಳೆ ನನ್ನ ಮುಂದಿದೆ. ಎಣ್ಣೆ ಸೇರಿ ಖಾಲಿ ವಿಮಾನ 417. ಪೈಲಟ್ 64. ಪೂರ್ತಿ ಟ್ಯಾಂಕ್ ಪೆಟ್ರೋಲು 40. ಎರಡನೇ ಸೀಟು ಖಾಲಿ. ಒಟ್ಟು 521. ಮಿತಿ 613.

ತೊಂಬತ್ತೆರಡು ಕೆ.ಜಿ. ಜಾಗ ಇತ್ತು ಸಾರ್. ಅಮ್ಮ ಆಗ ಇದ್ದಿದ್ದು ನಲವತ್ತಾರು. ಅಂಥಾ ಇಬ್ರು ಅಮ್ಮಂದಿರ ತೂಕಕ್ಕೆ ಜಾಗ ಇತ್ತು. ಭಾಗಾಕಾರ ನನಗೆ ಹೇಳ್ಕೊಟ್ಟೋರೇ ನೀವು.

ಫುಲ್ ಆಗಿದ್ದು ಏನು? ಅಷ್ಟು ಹೇಳಿ ಸಾಕು.

ಶಶಿಕಲಾ


ಬೆಳ್ಳಂದೂರು
29 ಸೆಪ್ಟೆಂಬರ್ 2023

ಶಶಿಕಲಾ,

ಏನೂ ಫುಲ್ ಆಗಿರಲಿಲ್ಲ. ಆ ದಿನವೂ ಇಲ್ಲ, ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಅನುಸೂಯಮ್ಮನವರು ಮೊದಲ ಸಲ ಬಂದು ನಿಂತಾಗಲೇ ಕ್ಲಬ್ಬಿನ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ಹೊಲಿಗೆಯ ಹೆಂಗಸರು ಕೂತ ಸೀಟಿನಲ್ಲಿ ಸದಸ್ಯರ ಮನೆಯವರು ಕೂರುವುದಿಲ್ಲ, ಏನಾದರೂ ಹೇಳಿ ಕಳಿಸಿ ಎಂದರು. ನಾನು ಹೊಸದಾಗಿ ಸೇರಿದ್ದೆ. ದಾವಣಗೆರೆಯಿಂದ ಬಂದು ಕೆಲಸ ಹಿಡಿದವನು, ಮನೆಯಲ್ಲಿ ಹೆಂಡತಿ ಶರಣಮ್ಮ ತುಂಬು ಬಸುರಿ. ಹೆದರಿದೆ. ತೂಕ ಎಂದರೆ ಯಾರೂ ಎದುರಾಡುವುದಿಲ್ಲವೆಂದು ಆ ಮಾತು ಆರಿಸಿಕೊಂಡೆ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತು. ನಾಲ್ಕನೆಯ ಸಲ ತಡವರಿಸಲಿಲ್ಲ. ಅಧ್ಯಕ್ಷರು ಬದಲಾದರು, ಹೇಳಬೇಕೆಂದು ಯಾರೂ ಕೇಳುತ್ತಿರಲಿಲ್ಲ, ಆದರೂ ಹೇಳಿದೆ. ಹಿಂದೆ ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತದಲ್ಲ ಎಂಬ ನಾಚಿಕೆ.

ಆ ಪುಸ್ತಕವೂ ಅದಕ್ಕೇ ಹುಟ್ಟಿದ್ದು. ವಿಮಾನದ ಮಿತಿಯನ್ನೇ ಏರಿಸಿಬಿಟ್ಟರೆ, ಇನ್ನು ಮೇಲೆ ಜಾಗವಿದೆ ಬನ್ನಿ ಎಂದು ನಿನ್ನ ತಾಯಿಯವರನ್ನು ಕರೆಯಬಹುದು, ಹಳೆಯ ಸುಳ್ಳು ಮುಚ್ಚಿಹೋಗುತ್ತದೆ ಎಂದುಕೊಂಡೆ. ಒಂದು ವರ್ಷ ಮನೆಯಲ್ಲಿ ಕೂತು ಮಾಡಿದೆ. ಸಮಿತಿಯ ಮುಂದಿಟ್ಟರೆ, ಯಾರಿಗಾಗಿ ಇದು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಲ್ಲ. ಹೇಳಲಾಗದೆ ಪುಸ್ತಕ ಬೀರುವಿನಲ್ಲಿಟ್ಟೆ. ಜಾಗವಿದೆ ಕೂತುಕೊಳ್ಳಿ ಎಂಬ ಒಂದು ಮಾತು ಹೇಳಲಾರದೆ ಅರವತ್ತೆರಡು ಪುಟ ಲೆಕ್ಕ ಹಾಕಿದ ಮನುಷ್ಯ ನಾನು.

ಕ್ಷಮೆ ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ. ಅನುಸೂಯಮ್ಮನವರು ಹಾರುವ ದಿನ ಬೇಲಿಯ ಆಚೆ ನಿಂತಾದರೂ ನೋಡಲು ಅನುಮತಿ ಕೊಡು.

ಹೊಸ ಫಿಟಿಂಗುಗಳು ಸರಿಯಾಗಿವೆ.

ಚನ್ನವೀರಪ್ಪ


ಪೀಣ್ಯ
15 ಜನವರಿ 2024

ಚನ್ನವೀರಪ್ಪ ಸಾರ್‌ಗೆ,

ಮೂರು ತಿಂಗಳು ಬರೀಲಿಲ್ಲ. ನನ್ನ ಹದಿನಾಲ್ಕು ವರ್ಷದ ಭಾನುವಾರಗಳನ್ನ ನಾನು ಇಟ್ಟಿದ್ದು ಒಂದು ಸುಳ್ಳಿಗೆ ಉತ್ತರ ಕೊಡೋಕೆ ಅಂತ ಗೊತ್ತಾದ್ರೆ ನಿಮಗೆ ಹೇಗಿರ್ತಿತ್ತು? ವಿಮಾನಕ್ಕೆ ಬೆಂಕಿ ಇಡ್ಬೇಕು ಅನ್ನಿಸ್ತು. ಆಮೇಲೆ ಅನ್ನಿಸ್ತು, ಯಾಕೆ ಇಡ್ಲಿ? ಆಗ ಜಾಗ ಇತ್ತು, ಈಗ ಇಲ್ಲ. ನಾನು ತೊಂಬತ್ನಾಲ್ಕು ಕೆ.ಜಿ. ಇರೋದು ನಿಜ, ಇದ್ದೇ ಇರ್ತೀನಿ. ಕೆಲಸ ನಿಲ್ಲಿಸಲ್ಲ.

ಕಂಪನಿಯವರು ಸಹಿ ಹಾಕಿದ್ರು. ಇಲಾಖೆಯವರು ಮುದ್ರೆ ಒತ್ತಿದ್ರು. ಹೋದ ವಾರ ನೆಲಮಂಗಲದ ಆಚೆ ಏರ್‌ಸ್ಟ್ರಿಪ್ಪಲ್ಲಿ ಪಕ್ಕದ ಸೀಟಿಗೆ ಮರಳು ಮೂಟೆ ಕಟ್ಟಿ, ಸರಿಯಾಗಿ 650 ಮಾಡಿ, ಪರೀಕ್ಷೆಯ ಪೈಲಟ್ ಹಾರಿಸಿದ್ರು. ಇಳಿದ ಮೇಲೆ ನಾಲ್ಕೂ ಫಿಟಿಂಗ್ ಬಿಚ್ಚಿ ನೋಡಿದ್ವಿ. ಒಂದು ಕೂದಲೆಳೆ ಬಿರುಕಿಲ್ಲ. ನಿಮ್ಮ ಲೆಕ್ಕ ಸರಿ ಇತ್ತು, ಅದನ್ನ ಹೇಳ್ಬೇಕು, ಹೇಳ್ದೆ.

ನಿಮ್ಮ ಕಾಗದ ಅಮ್ಮನಿಗೆ ಓದಿ ಹೇಳ್ದೆ. ಮುಚ್ಚಿಡೋಕೆ ನನಗೆ ಬರಲ್ಲ. ಎಳ್ಳು ಬೆಲ್ಲ ಬೆರೆಸ್ತಾ ಕೂತಿದ್ಲು. ಪೂರ್ತಿ ಕೇಳಿ, ಇನ್ನೊಂದ್ಸಲ ಓದು ಅಂದ್ಲು. ಓದಿದೆ. ತಟ್ಟೆ ಎತ್ಕೊಂಡು ಒಳಗೆ ಹೋದ್ಲು.

ಫೆಬ್ರವರಿ 11, ಭಾನುವಾರ ಅವಳನ್ನ ಕೂರಿಸ್ತಿದ್ದೀನಿ. ನೀವು ಬರಬೇಡಿ. ಬೇಲಿ ಆಚೆಗೂ ಬೇಡ. ಆ ದಿನ ಅವಳು ನಿಮ್ಮ ಮುಖ ನೋಡಿ ಒಳ್ಳೆ ಮಾತಾಡೋ ಹಾಗೆ ಆಗೋದು ನನಗೆ ಬೇಕಿಲ್ಲ.

ಶಶಿಕಲಾ


ಮಾಕಳಿ
13 ಫೆಬ್ರವರಿ 2024

ಇಂಜಿನಿಯರ್ ಸಾರ್‌ಗೆ,

ಅನುಸೂಯಮ್ಮ ಬರೆಯೋದು. ಮಗ್ಳ ಕೈಲಿ ಬರ್ಸಿಲ್ಲ. ನಾಕನೇ ಕ್ಲಾಸು ಓದಿವ್ನಿ, ನಿಧಾನಕ್ಕೆ ಬರಿತಿವ್ನಿ, ನೀವೂ ನಿಧಾನಕ್ಕೆ ಓದಿ.

ಭಾನ್ವಾರ ಓಗಿದ್ದೆ. ಸೀರೆ ಸಿಕ್ಕಾಕ್ಕೊಳ್ತದೆ ಅಂತ ನಮ್ಮ ಶಶಿ ಚೂಡಿದಾರ ಆಕ್ಸಿದ್ಲು. ಎಪ್ಪತ್ನಾಕು ವರ್ಸಕ್ಕೆ ಚೂಡಿದಾರ! ಮೇಲಕ್ಕೋದ್ಮೇಲೆ ನಾನು ಭೂಮಿ ನೋಡ್ಲಿಲ್ಲ ಸಾರ್. ತಲೆ ಮ್ಯಾಲಿನ ರೆಕ್ಕೆ ನೋಡ್ದೆ. ಬಟ್ಟೆ ಪಟ್ಟಿ ಅಡಿಲಿ ನನ್ನ ಗಂಟಿನ ಸಾಲು ನೆಟ್ಟಗಿತ್ತು. ಅಷ್ಟು ಗಾಳಿಗೆ ಒಂದೂ ಅಲ್ಲಾಡ್ಲಿಲ್ಲ. ಆಮ್ಯಾಕೆ ಕೆಳಕ್ಕೆ ನೋಡ್ದೆ. ಪೀಣ್ಯದ ಶೀಟು, ಮಾಕಳಿ ಕೆರೆ, ತುಮಕೂರು ರೋಡಲ್ಲಿ ಲಾರಿಗಳು.

ಸಂತೋಸ ಆಯ್ತದೆ ಅನ್ಕಂಡಿದ್ದೆ. ಮೊದ್ಲು ಬಂದಿದ್ದು ಕೋಪ. ಮ್ಯಾಲಿದ್ದಿದ್ದು ಅತ್ತು ನಿಮ್ಸ ಸಾರ್. ನಾವು ಕೇಳಿದ್ದು ಅತ್ತೇ ನಿಮ್ಸ. ಅದನ್ನ ಇಪ್ಪತ್ತಾರು ವರ್ಸ ಕೊಡ್ದೆ ಓದ್ರಲ್ಲ. ಅಳು ಬಂತು, ನಗೂನೂ ಬಂತು. ಶಶಿ ಗಾಬ್ರಿ ಬಿದ್ದು "ಇಳಿಸ್ಲಾ ಅಮ್ಮ" ಅಂದ್ಲು. "ಸುಮ್ಕಿರು, ಇನ್ನೊಂದು ಸುತ್ತು ಒಡಿ" ಅಂದೆ.

ಜಾಗ ಐತೆ ಅಂತ ನಂಗೆ ಆವಾಗ್ಲೇ ಗೊತ್ತಿತ್ತು. ನಾನು ಒಲ್ಗೆಯೋಳು, ಮೈ ನೋಡಿದ್ರೆ ಅಳತೆ ಗೊತ್ತಾಯ್ತದೆ. ನಮಗಿಂತ ಎಲ್ಡರಷ್ಟಿದ್ದ ಎಂಗಸ್ರು ಬ್ಯಾಗ್ ಸಮೇತ ಅತ್ತಿ ಕೂತ್ಕಂಡಿದ್ದು ನೋಡಿವ್ನಿ. ನೀವು ಸುಳ್ಳೇಳ್ತಿದ್ರಿ, ನಾನು ನಿಮ್ಮ ಮುಕ ನೋಡ್ತಿದ್ದೆ, ನೀವು ಅಲಗೆ ನೋಡ್ತಿದ್ರಿ. ಕೆಲ್ಸ ಬೇಕಿತ್ತು, ಉಡ್ಗಿ ಓದಿಸ್ಬೇಕಿತ್ತು, ಸುಮ್ಕಾದೆ.

ಕ್ಸಮಿಸೀನಿ ಅಂತ ಬರೀಬೇಕೋ ಏನೋ. ಬರಿಯಾಕಿಲ್ಲ. ನನ್ನ ಕೇಳ್ಬೇಕಾದ್ದೂ ಅಲ್ಲ ಅದು.

ಸುಬ್ಬಲಕ್ಷ್ಮಮ್ಮ ನಿಮ್ಮ ಮಾತು ನಂಬಿದ್ಲು. ಇಂಜಿನಿಯರ್ ಸಾರು ತೂಕದ ಇಸ್ಯದಲ್ಲಿ ಯಾಕೆ ಸುಳ್ಳೇಳ್ತಾರೆ, ನಾನೇ ದಪ್ಪ ಆಗಿವ್ನಿ ಅಂತ. ತೂಕ ಇಳಿದ್ರೆ ಮುಂದಿನ ಸಲ ಕೂರುಸ್ತಾರೆ ಅಂತ ಎಲ್ಡು ವರ್ಸ ರಾತ್ರಿ ಊಟ ಬಿಟ್ಳು. ನಾನು ಬೈದು ಬುತ್ತಿ ಬಿಚ್ಚಿ ಇಟ್ರೂ ಮುಟ್ತಿರ್ಲಿಲ್ಲ. ಒಂದಿನ ಸೂಜಿ ಇಡ್ಕಂಡೇ ತಲೆ ತಿರುಗಿ ರೆಕ್ಕೆ ಮ್ಯಾಲೆ ಬಿದ್ಳು. ಬಟ್ಟೆ ಅರೀತು ಅಂತ ಕೂಲಿ ಮುರ್ಕಂಡ್ರು. ನಿಮಗೆ ಗ್ಯಾಪಕ ಇರಾಕಿಲ್ಲ.

ಈಗ ಬೊಮ್ಮನಳ್ಳಿಲಿ ಮೊಮ್ಮಕ್ಳ ಜೊತೆ ಅವ್ಳೆ. ಎಂಬತ್ತೆಲ್ಡು ಕೆ.ಜಿ. ಶಶಿ ಲೆಕ್ಕ ಆಕಿ ನೋಡಿದ್ಲು, ದಂಡಿಯಾಗಿ ಜಾಗ ಐತೆ. ಬಾರೇ ಅಂದ್ರೆ, "ನನ್ನಂಥೋಳ ಕೂರಿಸ್ಕಂಡ್ರೆ ಅದು ನೆಲ ಬಿಟ್ಟು ಏಳಾಕಿಲ್ಲ, ಸಾರೇ ಏಳಿದ್ರಲ್ಲ" ಅಂತಾಳೆ. ಈಗ್ಲೂ ನಿಮ್ಮ ಮಾತೇ ಅವಳಿಗೆ ದೊಡ್ಡದು.

ಕೆಳಗೆ ಅವಳ ಅಡ್ರೆಸ್ ಬರ್ದಿವ್ನಿ. ಅವಳಿಗೆ ಕಾಗ್ದ ಬರೀರಿ. ಆವಾಗ್ಲೂ ಜಾಗ ಇತ್ತು, ನೀನು ದಪ್ಪ ಇರ್ಲಿಲ್ಲ, ನಾನು ಸುಳ್ಳೇಳ್ದೆ, ಅಂತ. ನಿಮ್ಮ ಕೈಯಾರ ಬರೀರಿ.

ಅದನ್ನ ಅಂಚೆಗೆ ಆಕೋ ತಂಕ ನೀವು ಊಟ ಮಾಡ್ಬ್ಯಾಡಿ.

ಅನುಸೂಯಮ್ಮ